ಅಮ್ಮನ ಪೆಟ್ಟಿಗೆಯ ಮುಚ್ಚಳ

ಕೊಟ್ಟಿಗೆಯ ಮೊಳೆಗೆ ನೇತು ಹಾಕಿದ್ದ, ದನಕ್ಕೆ ಗುರುತಿನ ಬರೆ ಹಾಕುವ ಕಬ್ಬಿಣವನ್ನು ಕಿತ್ತುಕೊಂಡು ಹರ್ಮೀನಿಯ ಅಂಗಳಕ್ಕೆ ಬಂದಳು. ಸಾವಿನ ಊಟದ ಮಾಂಸದ ಸಾರು ಕುದಿಯುತ್ತಿದ್ದ ಹಂಡೆಯ ಕೆಳಗೆ, ಕೆಂಡದೊಳಕ್ಕೆ ಅದರ ಮೂತಿಯನ್ನು ತೂರಿಸಿದಳು. ಅಮ್ಮ ಡಿಯೊಲಿಂಡಾ ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಪೆಟ್ಟಿಗೆಯ ಮುಚ್ಚಳ ಹೊರಗೆ ಬೇಲಿಗೆ ಒರಗಿ ನಿಂತಿತ್ತು.

“ಅದನ್ಯಾಕೆ ಬೆಂಕಿಗಿಟ್ಟೆ?” ಚಿಕ್ಕಪ್ಪ ಅಡೆಲಿನೊ ಟೋಪಿ ತೆಗೆಯುತ್ತ ಕೇಳಿದ.

“ಅಮ್ಮನ ಮುಚ್ಚಳಕ್ಕೆ ಹಾಕೋಕೆ. ಅಪ್ಪನ ಪೆಟ್ಟಿಗೆಗೆ ಹಾಕ್ಲಿಲ್ವಾ?”

“ಅವನು ದನದ ಯಜಮಾನ ಕಣಮ್ಮ. ಹೆಂಗಸಿನ ಪೆಟ್ಟಿಗೆಗೆ ಮುದ್ರೆ ಒತ್ತಿದ್ದನ್ನ ಈ ಕಣಿವೇಲಿ ಯಾರಾದ್ರೂ ನೋಡಿದ್ದೀರೇನ್ರಪ್ಪಾ?”

ಯಾರೂ ನೋಡಿರಲಿಲ್ಲ. ಕಪ್ಪು ಬಟ್ಟೆಯ ನೆಂಟರೆಲ್ಲ ಸಾರಿನ ಹಂಡೆಯನ್ನೇ ನೋಡುತ್ತ ನಿಂತರು. ಮದುವೆಯಾಗಿ ಕ್ಯಾಲಿಫೋರ್ನಿಯಕ್ಕೆ ಬಂದಾಗಿನಿಂದ ಅಮ್ಮ ಕತ್ತಲಲ್ಲೇ ಎದ್ದು ಹಾಲು ಕರೆದವಳು. ಕೆಚ್ಚಲಿಗೆ ಕೈ ಹಾಕುವಾಗ ಅವಳು ಹೆಂಗಸೆಂದು ಈ ಜನಕ್ಕೆ ಒಂದು ದಿನವೂ ನೆನಪಾಗಿರಲಿಲ್ಲ. ಹರ್ಮೀನಿಯ ಕಬ್ಬಿಣವನ್ನು ಕೆಂಡದೊಳಕ್ಕೆ ಇನ್ನಷ್ಟು ತಳ್ಳಿದಳು.

“ಅಕ್ಕಾ, ಇವತ್ತೊಂದಿನ ಸುಮ್ನಿರು. ಪಾದ್ರಿಗಳು ಕಾಯ್ತಿದಾರೆ,” ಎಂದ ತಮ್ಮ ಗಾಸ್ಪರ್.

“ಅದು ನಮ್ಮ ವಂಶದ ಗುರುತು,” ಅಡೆಲಿನೊ ಬಂದವರಿಗೆ ಕೇಳುವಂತೆ ದನಿ ಎತ್ತರಿಸಿದ. “ಪೋರ್ಚುಗಲ್ಲಿನ ಸಾನ್ ಜೋರ್ಜ್ ದ್ವೀಪದಲ್ಲಿ ನಮ್ಮ ಮುತ್ತಜ್ಜನ ದನಗಳ ಮೇಲಿದ್ದದ್ದು. ನಮ್ಮಣ್ಣ ಬೆಲಾರ್ಮಿನೊ ಅದನ್ನ ಎದೇಲಿಟ್ಕೊಂಡು ಸಮುದ್ರ ದಾಟಿದ!”

“ಸುಳ್ಳು!” ಎಂದಳು ಹರ್ಮೀನಿಯ.

* * *

ಆಗ ಅವಳಿಗೆ ಹತ್ತು ವರ್ಷ. ಅಮ್ಮ ನಾದಿದ ಹಿಟ್ಟಿನ ಉಂಡೆಗಳ ಮೇಲೆ ಚಿಕ್ಕ ಚಾಕುವಿನಿಂದ ಗೀರುತ್ತಿದ್ದಳು: ಒಂದು ಅರ್ಧಚಂದ್ರ, ಕೆಳಗೆ ಎರಡು ಗೀಟು.

“ಅಪ್ಪನ ದನದ ಮುದ್ರೆ ಬ್ರೆಡ್ಡಿಗ್ಯಾಕಮ್ಮ?”

ಅಮ್ಮ ನಕ್ಕು ನಕ್ಕು ಮೂಗಿಗೆಲ್ಲ ಹಿಟ್ಟು ಬಳಿದುಕೊಂಡಳು. “ನಿಮ್ಮಪ್ಪನ ಮನೇಲಿ ದ್ವೀಪದಲ್ಲಿ ಒಂದು ಕೋಳೀನೂ ಇರ್ಲಿಲ್ಲ ಕಣೇ! ನಮ್ಮ ಕೇರಿಗೆಲ್ಲ ಒಂದೇ ಒಲೆ. ಯಾರ ಬ್ರೆಡ್ಡು ಯಾರ್ದು ಅಂತ ಗೊತ್ತಾಗ್ಬೇಕಲ್ಲ? ಅದಕ್ಕೆ ಮನೆಗೊಂದು ಗುರುತು. ಇದು ನಮ್ಮಮ್ಮನ್ದು.”

“ಮತ್ತೆ ದನಕ್ಕೆ ಹೆಂಗೆ ಬಂತು?”

“ನಿಮ್ಮಪ್ಪ ಮೊದಲನೇ ಸಲ ದನ ಕೊಂಡ ದಿನ, ನಿನ್ನ ಮುದ್ರೆ ಯಾವ್ದಯ್ಯ ಅಂತ ಕಮ್ಮಾರ ಕೇಳಿದ್ನಂತೆ. ಇವನಿಗೆಲ್ಲಿತ್ತು ಮುದ್ರೆ? ನಾನು ಕಟ್ಕೊಟ್ಟ ಬುತ್ತಿ ಬಿಚ್ಚಿ ಬ್ರೆಡ್ಡು ತೋರ್ಸಿದ್ನಂತೆ.”

“ಚಿಕ್ಕಪ್ಪ ಬೇರೆ ಹೇಳ್ತಾನಲ್ಲ. ನೀನ್ಯಾಕೆ ಸುಮ್ನಿರ್ತೀಯ?”

“ನಿಮ್ಮಪ್ಪಂಗೆ ಅವಮಾನ ಆಗುತ್ತೆ. ಇರ್ಲಿ ಬಿಡು.”

ಆ ‘ಇರ್ಲಿ ಬಿಡು’ ಹರ್ಮೀನಿಯಳಿಗೆ ಅಂದಿನಿಂದಲೂ ಒಪ್ಪಿಗೆಯಾಗಿರಲಿಲ್ಲ.

* * *

ಅದನ್ನೆಲ್ಲ ಅವಳು ಈಗ ಅಂಗಳದ ನಡುವೆ ನಿಂತು ಕೂಗಿ ಹೇಳಿದಳು. ಅಡೆಲಿನೊ ಹಲ್ಲು ಕಿರಿದ.

“ಕೇಳಿದ್ರಾ? ನಮ್ಮ ವಂಶ ಬ್ರೆಡ್ಡಿಂದ ಹುಟ್ತಂತೆ!”

ಒಂದಿಬ್ಬರು ನಕ್ಕೂ ನಕ್ಕರು, ಸಾವಿನ ಮನೆಯೆಂಬ ನಾಚಿಕೆಯೂ ಇಲ್ಲದೆ.

“ನೀನೂ ಆ ಬ್ರೆಡ್ಡು ತಿಂದೇ ಬೆಳೆದೋನು. ಬಾಯಿ ಬಿಡೋ!” ಎಂದು ಅವಳು ತಮ್ಮನ ಕಡೆ ತಿರುಗಿದಳು. ಗಾಸ್ಪರ್ ತನ್ನ ಬೂಟು ನೋಡಿಕೊಂಡ.

ಅಷ್ಟರಲ್ಲಿ ಅಡೆಲಿನೊ ಕೆಂಡದಿಂದ ಕಬ್ಬಿಣವನ್ನು ಎಳೆದು ದನ ನೀರು ಕುಡಿಯುವ ತೊಟ್ಟಿಗೆ ಎಸೆದ. ಚುಂಯ್ ಎಂದು ಹಬೆ ಎದ್ದಿತು. “ಮುಗೀತು. ಹೆಣ ಎತ್ರಿ.”

ಹರ್ಮೀನಿಯ ಅಡುಗೆಮನೆಗೆ ಓಡಿದಳು. ಹಿಡಿ ಸವೆದ ಆ ಚಿಕ್ಕ ಚಾಕು ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇತ್ತು. ಹೊರಗೆ ಬಂದು ಮುಚ್ಚಳದ ಮುಂದೆ ಮಂಡಿಯೂರಿ ಕೊರೆಯತೊಡಗಿದಳು. ಮರ ಗಟ್ಟಿ. ಮುಚ್ಚಳ ಜಾರಿತು, ಚಾಕು ತಪ್ಪಿ ಬೆರಳು ಕುಯ್ಯಿತು. ಆಗ ಗಾಸ್ಪರ್ ಬಂದು ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ.

“ಬಿಡೋ ಅದನ್ನ!” ಅಡೆಲಿನೊ ಗದರಿದ.

“ನಾನು ತಿಂದಿದೀನಿ, ಚಿಕ್ಕಪ್ಪ,” ಎಂದ ಗಾಸ್ಪರ್. “ನೀವೂ ತಿಂದಿದೀರ.”

ಅರ್ಧಚಂದ್ರ, ಕೆಳಗೆ ಎರಡು ಗೀಟು. ಮರದ ಹುಡಿಯನ್ನು ಅವಳು ಊದಲಿಲ್ಲ, ಒರೆಸಲೂ ಇಲ್ಲ. ಮುಚ್ಚಳವನ್ನು ಹಾಗೇ ಒಳಗೆ ಒಯ್ದು ಮೊಳೆ ಹೊಡೆದರು.

ಮನೆಗೆ ಹಿರಿಯನಾದ್ದರಿಂದ ಅಡೆಲಿನೊ ಮುಂದೆ ಹೆಗಲು ಕೊಡಲೇಬೇಕಾಯಿತು. ಗೇಟಿನವರೆಗೂ ಅವನು ಹೆಜ್ಜೆ ಇಟ್ಟಾಗಲೆಲ್ಲ, ಮೇಲಿನ ಗೀರುಗಳಿಂದ ಬಿಳಿಯ ಹುಡಿ ಅವನ ಕಪ್ಪು ಕೋಟಿನ ಮೇಲೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಅವನು ಬಿಡುವಿದ್ದ ಕೈಯಿಂದ ಕೊಡವಿಕೊಂಡಷ್ಟೂ ಇನ್ನಷ್ಟು ಉದುರುತ್ತಿತ್ತು.