ತೊಟ್ಟಿಲಲ್ಲಿ ಮಲಗಿದ ಗುಂಡುಕಲ್ಲು

ಹೋಳಿ ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲ. ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ. ಗಜೇಂದ್ರಗಡದ ಗುಡ್ಡದ ಕೆಳಗೆ ಹನುಮವ್ವ ಎಂಬಾಕೆ ಕಲ್ಲಿನ ತುಂಡೊಂದರ ಮೇಲೆ ಉಳಿ ಇಟ್ಟಳು. ಆಕೆ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ನಾನು ಗುಂಡುಕಲ್ಲಾಗಿದ್ದೆ. ಪಕ್ಕದಲ್ಲಿ ನನ್ನ ಒರಳು.

ನಮ್ಮಿಬ್ಬರನ್ನೂ ಜೋಳ ಅಳೆದು ಕೊಟ್ಟು ಕೊಂಡವಳು ಶಿವಗಂಗವ್ವ. ಆಗಿನ್ನೂ ಹೊಸ ಸೊಸೆ. ಒರಳನ್ನು ಅಡುಗೆಮನೆಯ ನೆಲದಲ್ಲಿ ಹೂತಳು. ನಾನು ಅದರೊಳಗೆ ತಿರುಗಿದೆ. ಕೆಂಪು ಖಾರ, ಶೇಂಗಾ, ಬೆಳ್ಳುಳ್ಳಿ. ಕೆಳಗಿನಿಂದ ನನಗೆ ಕಂಡದ್ದು ಆಕೆಯ ಬಳೆ, ಗದ್ದದ ಬೆವರು, ಅಷ್ಟೆ.

ನಮ್ಮ ಕಡೆ ಹೆಸರಿಡುವ ದಿನ ಮೊದಲು ತೊಟ್ಟಿಲೇರುವುದು ಕೂಸಲ್ಲ, ಗುಂಡುಕಲ್ಲು. ಎಣ್ಣೆ ಹಚ್ಚಿ ಎರೆದು, ತಲೆಗೆ ಕುಂಚಿಗೆ ಕಟ್ಟಿ, ಜೋಗುಳ ಹಾಡಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಶಿವಗಂಗವ್ವನ ಮಗ ಅಂದಾನಪ್ಪನಿಗಿಂತ ಮೊದಲು ಮಲಗಿದವನು ನಾನು. ಅವನ ಮಗಳು ತ್ರಿವೇಣಿಗಿಂತ ಮೊದಲೂ ನಾನೇ. ಆ ಮನೆಯ ಕೂಸುಗಳಿಗೆಲ್ಲ ನಾನು ಅಣ್ಣನ ಲೆಕ್ಕ.

ತ್ರಿವೇಣಿಯ ಬೆನ್ನಿಗೆ ಒಂದು ಗಂಡುಕೂಸು ಹುಟ್ಟಿತು. ಹೆಸರಿಡುವುದು ಹದಿಮೂರನೆಯ ದಿನ. ಕೂಸು ಇದ್ದದ್ದು ಒಂಬತ್ತು ದಿನ. ಹಳ್ಳದ ದಂಡೆಯ ಬನ್ನಿಗಿಡದ ಬುಡದಲ್ಲಿ ಮಣ್ಣು ಮಾಡಿದರು. ಅದರ ತಾಯಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್. ಊರವರ ಕೂಸುಗಳನ್ನೆಲ್ಲ ಎತ್ತಿಕೊಂಡಾಕೆ, ತನ್ನದನ್ನು ನೆನೆದು ಅಳಲು ಒಂದು ಹೆಸರಿಲ್ಲದೆ ಉಳಿದಳು.

ಮೂರು ವರ್ಷದ ಮೇಲೆ ಶೈಲಾಳಿಗೆ ಕೆನಡಾದಲ್ಲಿ ಕೆಲಸವಾಯಿತು. ಎಲ್ಲರೂ ಹೊರಡುವುದೆಂದಾಯಿತು, ಶಿವಗಂಗವ್ವ ಕೂಡ. ಮನೆ ಮಾರಿದರು. ನೆಲದಲ್ಲಿ ಹೂತ ಒರಳು ಮನೆಯ ಸಂಗಡವೇ ಹೋಯಿತು. ನನ್ನನ್ನು ಶಿವಗಂಗವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಕೊನೆಯ ಎಂಟು ದಿನ ಪಕ್ಕದ ಮನೆಯ ಪಡಸಾಲೆಯಲ್ಲಿ ಕಳೆದರು. ಉಣ್ಣಲು ಅವರ ತಾಟು, ಹೊದೆಯಲು ಅವರ ಕೌದಿ. ತ್ರಿವೇಣಿ ಶಾಲೆ ಬಿಟ್ಟ ಮೇಲೆ ಮರೆತು ಹಳೇ ಮನೆಯ ಬಾಗಿಲಿಗೆ ಹೋಗಿ ನಿಂತು, ತಿರುಗಿ ಬರುತ್ತಿದ್ದಳು.

ಶೈಲಾ ಆಗ ಐದು ತಿಂಗಳ ಬಸುರಿ. ಶಿವಗಂಗವ್ವ ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕಿಟ್ಟಳು. ಅಂದಾನಪ್ಪ ತೂಕ ನೋಡಿ ಹೊರಗೆ ತೆಗೆದ.

"ಯವ್ವಾ, ಇದೊಂದ ಎಂಟು ಕಿಲೋ ಐತಿ. ಅಲ್ಲಿ ಮಿಕ್ಸರ್ ಸಿಗತೈತಿ ಬಿಡು."

"ನಾಳೆ ನಿನ್ನ ಹೇಂತಿ ಹಡದ್ರ ತೊಟ್ಟಿಲದಾಗ ಮಿಕ್ಸರ್ ಮಲಗಸ್ತೀಯೇನಲೇ?"

"ಅಲ್ಲೂ ಕಲ್ಲು ಇರ್ತಾವ."

"ಇರ್ತಾವ. ಅವು ನಮ್ಮ ಕೂಸಿಗೆ ಏನಾಗಬೇಕೋ?"

ಅಂದಾನಪ್ಪ ತನ್ನ ಅಂಗಿಗಳನ್ನು ತೆಗೆದು ನನಗೆ ಜಾಗ ಮಾಡಿದ. ಹೋಗಬೇಕೆಂಬ ಆಸೆ ನನಗೂ ಇತ್ತು.

ಹೊರಡುವ ದಿನ ಬೆಳಿಗ್ಗೆ ಶೈಲಾ ಸೂಟ್‌ಕೇಸು ಬಿಚ್ಚಿ ನನ್ನನ್ನು ಎತ್ತಿಕೊಂಡಳು.

"ಅತ್ತೀ, ಹುಟ್ಟೋ ಕೂಸಿಗೆ ನಾವೆಲ್ಲಾ ಅದೀವಿ. ಬನ್ನಿಗಿಡದ ಬುಡಕ್ಕಿರೋನಿಗೆ ಯಾರದಾರ?"

ಶಿವಗಂಗವ್ವ ತನ್ನ ಕೈಚೀಲದಿಂದ ನನಗೆ ಕಟ್ಟುತ್ತಿದ್ದ ಹಳೇ ಕುಂಚಿಗೆ ತೆಗೆದಳು.

"ಹಂಗ ಒಯ್ಯಬ್ಯಾಡ ತಂಗಿ. ತಲಿ ಥಂಡಿ ಆಗತೈತಿ."

ಹಳ್ಳದ ದಂಡೆಯಲ್ಲಿ ನನ್ನನ್ನು ಅರ್ಧ ಮಣ್ಣಿನಲ್ಲಿ ಹೂತು ಕೂರಿಸಿದರು. ಶಿವಗಂಗವ್ವ ಜೋಗುಳ ಎತ್ತಿಕೊಂಡಳು, ಅರ್ಧಕ್ಕೇ ನಿಂತಿತು. ಶೈಲಾ ನೆಲಕ್ಕೆ ಬಾಯಿ ಹಚ್ಚಿ ಒಂದು ಹೆಸರು ಹೇಳಿದಳು. ಮೂರು ಸಲ. ಕೇಳಿದವನು ನಾನೊಬ್ಬನೇ. ಯಾರಿಗೂ ಹೇಳಿಲ್ಲ.

ಕುಂಚಿಗೆ ಎರಡನೆಯ ಮಳೆಗಾಲಕ್ಕೆ ಕೊಳೆತುಹೋಯಿತು. ಖಾರ ಅರೆದ ಮೈಗೆ ಈಗ ಪಾಚಿ ಹತ್ತಿದೆ. ಅಲ್ಲಿ ಹುಟ್ಟಿದ ಕೂಸಿಗೆ ಯಾವ ಕಲ್ಲು ಅಣ್ಣನಾಯಿತೋ ತಿಳಿಯದು. ಇಲ್ಲಿ ನನ್ನ ಪಕ್ಕದವನು ಎದ್ದು ಆಡುವುದಿಲ್ಲ, ನಾನೂ ಏಳುವುದಿಲ್ಲ. ಒಬ್ಬರಿಗೊಬ್ಬರು ಇದ್ದೇವೆ.

ಅವರು ಹೋದದ್ದು ಮಂಗಳವಾರ. ಶಿವಗಂಗವ್ವ, ಅಂದಾನಪ್ಪ, ಶೈಲಾ, ತ್ರಿವೇಣಿ. ಮಂಗಳವಾರ ಮನೆ ಬಿಟ್ಟು ಹೊರಡಬಾರದು ಎಂದು ಶಿವಗಂಗವ್ವ ಜೀವಮಾನವಿಡೀ ಹೇಳಿದ್ದಳು. ಆ ದಿನ ಹೇಳಲಿಲ್ಲ. ಬಿಟ್ಟು ಹೊರಡಲು ಆಕೆಗೆ ಮನೆಯೇ ಇರಲಿಲ್ಲ.