ಕಾರು ತೆಗೆಯಲು ಹೋದ ಒಂಬತ್ತು ನಿಮಿಷ

ಹದಿನೇಳು ವರ್ಷಗಳಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದ ಆಕೆಗೆ ಗಂಡ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ ಎಡಬಲ ತಪ್ಪತೊಡಗಿತು.

ಮರೆತುಹೋಯಿತು ಎಂದರೆ ಸರಿಯಾಗಲಾರದು. ಕೈ ಬಲಕ್ಕೆ ತೋರಿಸುತ್ತಿತ್ತು, ಬಾಯಿ ಎಡ ಎನ್ನುತ್ತಿತ್ತು. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕೂತವರು ಯಾವುದನ್ನು ನಂಬಬೇಕೆಂದು ತಿಳಿಯದೆ ನಡುರಸ್ತೆಯಲ್ಲೇ ನಿಂತುಬಿಡುತ್ತಿದ್ದರು. ಹಿಂದಿನಿಂದ ಹಾರನ್ನುಗಳ ಗಲಾಟೆ. ಬ್ಯಾಂಕಿನವನೊಬ್ಬ ಹೀಗೆ ಎರಡು ಸಲ ಒಮ್ಮುಖ ರಸ್ತೆಗೆ ನುಗ್ಗಿದ ಮೇಲೆ ಬೇರೆ ಡ್ರೈವಿಂಗ್ ಸ್ಕೂಲಿಗೆ ಹೋದ. ಹೋಗುವಾಗ ತನಗೆ ಸಮಯ ಹೊಂದುತ್ತಿಲ್ಲವೆಂದು ಬಹಳ ಮರ್ಯಾದೆಯಿಂದ ಹೇಳಿದ. ಆಕೆ ಹೌದು ಹೌದು ಎಂದು ತಲೆಯಾಡಿಸಿದಳು, ಅವನು ಹೋದ ಮೇಲೆ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು.

ಗಂಡ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಬೆಳಿಗ್ಗೆ ಐದಕ್ಕೆ ಎದ್ದು ಮೈದಾನ ಸುತ್ತುವ ಮನುಷ್ಯ. ವರ್ಷಕ್ಕೊಂದು ನೆಗಡಿಯೂ ಬಾರದ ಮೈ. ಮೆಟ್ಟಿಲು ಹತ್ತುವಾಗ ಸ್ವಲ್ಪ ಸುಸ್ತು ಎಂದು ಒಂದು ದಿನ ಹೇಳಿದ. ಹತ್ತಿರದ ಡಾಕ್ಟರು ಏನೂ ಇಲ್ಲ, ವಯಸ್ಸಾಯಿತಲ್ಲ ಎಂದು ಟಾನಿಕ್ಕು ಬರೆದುಕೊಟ್ಟರು. ಮೂರು ತಿಂಗಳ ನಂತರ ದೊಡ್ಡ ಕರುಳಿನಲ್ಲಿ ಗಡ್ಡೆಯಿದೆ, ಯಕೃತ್ತಿಗೂ ಹರಡಿದೆ ಎಂದು ತಿಳಿಯಿತು. ಅಲ್ಲಿಂದ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಆಕೆಯ ಕೈಯಾಗಲಿ ಬಾಯಾಗಲಿ ಒಂದು ದಿನವೂ ತಪ್ಪಿರಲಿಲ್ಲ. ಯಾವ ಮಾತ್ರೆ ಎಷ್ಟು ಗಂಟೆಗೆ, ಯಾವ ಕೌಂಟರಿನಲ್ಲಿ ಯಾವ ಚೀಟಿ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ನೆಂಟರು ಗಟ್ಟಿಗಿತ್ತಿ ಎಂದರು. ಎಲ್ಲ ಮುಗಿದ ಮೇಲೆ, ಮಾಡುವುದು ಏನೂ ಉಳಿಯದಿದ್ದಾಗ, ದಿಕ್ಕು ತೋಚದಾಯಿತು.

ಒಮ್ಮೆ ಕೊರಿಯರಿನವನು ಬಂದು, "ಸಾರ್ ಇದಾರಾ?" ಎಂದು ಕೇಳಿದ. ಆಕೆ, "ಹೊರಗೆ ಹೋಗಿದಾರೆ" ಎಂದಳು. ಲಕೋಟೆಗೆ ಸಹಿ ಹಾಕಿ ಬಾಗಿಲು ಮುಚ್ಚಿದ ಮೇಲೆ ತಾನು ಹೇಳಿದ್ದು ಸುಳ್ಳೋ, ಅಥವಾ ಒಂದು ರೀತಿಯಲ್ಲಿ ನಿಜವೋ ಎಂದು ಹೊಳೆಯದೆ ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು.

ಇದರ ಜೊತೆಗೆ ಹೆದರಿಕೆ. ಹಾವು ಕಚ್ಚಿದವನಿಗೆ ಹಗ್ಗವೂ ಹಾವೇ. ಸ್ನಾನದ ಮನೆಯಲ್ಲಿ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದಳು. ಮೆಟ್ಟಿಲು ಹತ್ತಿದ ಮೇಲೆ ನಿಂತು ಉಸಿರು ಎಣಿಸುತ್ತಿದ್ದಳು. ಹೆಚ್ಚು ಎನಿಸಿದರೆ ಇಳಿದು ಮತ್ತೆ ಹತ್ತುತ್ತಿದ್ದಳು, ಆಗ ಉಸಿರು ಇನ್ನೂ ಹೆಚ್ಚಾಗುತ್ತಿತ್ತು, ಹೆಚ್ಚಾಗದೆ ಇನ್ನೇನು.

ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಎಪ್ಪತ್ನಾಲ್ಕು ವರ್ಷದ ಅತ್ತೆ. ಮಕ್ಕಳಿರಲಿಲ್ಲ. ಮಗ ಇದ್ದಾಗ ಅತ್ತೆಯ ಮಾತು ಮೂರು ಮನೆಯಾಚೆ ಕೇಳಿಸುತ್ತಿತ್ತು. ಈಗ ಗ್ಯಾಸು ಬಂತಾ, ನೀರು ತುಂಬಿತಾ, ಬಾಗಿಲು ಹಾಕಿದೆಯಾ, ಇಷ್ಟೇ. ಒಬ್ಬಳು ಅಡುಗೆಮನೆಗೆ ಬಂದರೆ ಇನ್ನೊಬ್ಬಳು ಏನೋ ನೆನಪಾದವಳಂತೆ ಹೊರಗೆ ಹೋಗುತ್ತಿದ್ದಳು. ಅತ್ತೆಗೆ ತನ್ನ ಮೇಲೆ ಸಿಟ್ಟು ಎಂದು ಆಕೆ ತಿಳಿದಿದ್ದಳು. ಸಿಟ್ಟಿಗೆ ಕಾರಣವೂ ಇತ್ತು.

ಕೊನೆಯ ದಿನ ಆಸ್ಪತ್ರೆಯ ಮೂರನೆಯ ಮಹಡಿಯ ಕೋಣೆಯಲ್ಲಿ ಹಾಸಿಗೆಯ ಒಂದು ಬದಿಗೆ ಆಕೆ, ಇನ್ನೊಂದು ಬದಿಗೆ ಅತ್ತೆ ಕೂತಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ಕಾವಲಿನವನು ಮೇಲೆ ಬಂದು, ಎಲ್ ಬೋರ್ಡಿನ ಕಾರು ಯಾರದ್ದು, ಆಂಬುಲೆನ್ಸಿಗೆ ಅಡ್ಡವಾಗಿದೆ, ಬೇಗ ತೆಗೆಯಿರಿ ಎಂದ. ಆಕೆ ಓಡಿದಳು. ಕಾರನ್ನು ಹಿಂದಕ್ಕೆ ತೆಗೆದು ಎರಡು ಕಂಬಗಳ ನಡುವೆ ನಿಲ್ಲಿಸಬೇಕಿತ್ತು. ಕಣ್ಣು ಮುಚ್ಚಿ ಮಾಡುವ ಕೆಲಸ. ಅಂದು ನಾಲ್ಕು ಸಲ ತಪ್ಪಿತು. ಮೇಲೆ ಬರುವಷ್ಟರಲ್ಲಿ ಒಂಬತ್ತು ನಿಮಿಷ. ಬಾಗಿಲಲ್ಲೇ ಅತ್ತೆ ನಿಂತಿದ್ದರು. ಒಂದು ಸಲ ದೀರ್ಘವಾಗಿ ಉಸಿರು ಬಿಟ್ಟ, ನಿನ್ನನ್ನು ಕರೆದ ಹಾಗಿತ್ತು, ಆಮೇಲೆ ಇಲ್ಲ ಎಂದರು.

ನಿನ್ನನ್ನು ಕರೆದ ಹಾಗಿತ್ತು. ಈ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಕರೆದಾಗ ತಾನು ಎಲ್ಲಿದ್ದೆ? ರಿವರ್ಸ್ ಗೇರಿನಲ್ಲಿ.

ಕಲಿಯಲು ಬರುವವರೆಲ್ಲ ಒಬ್ಬೊಬ್ಬರಾಗಿ ಕಡಿಮೆಯಾದರೂ ಬಿಡದೆ ಬರುತ್ತಿದ್ದವರು ಒಬ್ಬರೇ. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದರು, ಮೂರು ಸಲವೂ ರಿವರ್ಸಿನಲ್ಲಿ. "ಸಾವಿರಾರು ಮಕ್ಕಳನ್ನ ಹೊರಗೆ ತಂದಿದೀನಿ, ಈ ಒಂದು ಕಾರನ್ನ ಹಿಂದಕ್ಕೆ ತರೋಕೆ ಆಗ್ತಿಲ್ಲ ನೋಡಿ" ಎಂದು ತಮಗೆ ತಾವೇ ನಗುತ್ತಿದ್ದರು. ಎರಡನೆಯ ಗೇರಿನ ಮೇಲೆ ಹೋದವರಲ್ಲ. ಮೂರು ಎಂದರೆ ವಿಮಾನ ಎಂದು ಅವರ ಲೆಕ್ಕ. ಎಡ ಎಂದು ಬಲಕ್ಕೆ ಕೈ ತೋರಿಸಿದರೆ ಅವರು ಸುಮ್ಮನೆ ನೇರ ಹೋಗುತ್ತಿದ್ದರು, ಮುಂದೆ ತಿರುಗಿದರಾಯಿತು ಎನ್ನುತ್ತಿದ್ದರು.

ಆ ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ದೊಡ್ಡ ವೃತ್ತದ ಹತ್ತಿರ ಬಂದಿದ್ದರು. ಹಿಂದಿನಿಂದ ಆಂಬುಲೆನ್ಸಿನ ಸದ್ದು ಕೇಳಿತು. ಪಕ್ಕಕ್ಕೆ ಸರಿಯಿರಿ ಎನ್ನಲು ಆಕೆ ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಎದೆ ಡವಡವ ಹೊಡೆದುಕೊಂಡಿತು. ಬೆರಳುಗಳು ಜೋಮು ಹಿಡಿದವು. ಯಾರೋ ಪಕ್ಕೆಲುಬಿಗೆ ಹಗ್ಗ ಸುತ್ತಿ ಬಿಗಿಯುತ್ತಿದ್ದಂತೆ ಉಸಿರು ಮೇಲೆಯೇ ಸಿಕ್ಕಿಕೊಂಡಿತು. ಬಂತು, ತನಗೂ ಬಂತು ಎಂದುಕೊಂಡಳು. ವಿಚಿತ್ರವೆಂದರೆ ಹೆದರಿಕೆಯ ನಡುವೆ ಸಣ್ಣದೊಂದು ಸಮಾಧಾನವೂ ಇತ್ತು. ಅದು ಏಕೆಂದು ಯೋಚಿಸುವಷ್ಟು ಗಾಳಿ ಒಳಗೆ ಇರಲಿಲ್ಲ.

"ನರ್ಸಮ್ಮ, ನನಗೆ ಏನೋ ಆಗ್ತಿದೆ" ಎಂದಳು.

ನರ್ಸಮ್ಮ ಒಮ್ಮೆ ಆಕೆಯ ಮುಖ ನೋಡಿದರು. ಕಾರನ್ನು ಬದಿಗೆ ಸರಿಸಿ ಆಂಬುಲೆನ್ಸಿಗೆ ದಾರಿ ಬಿಟ್ಟರು. ಅದು ಮುಂದೆ ಹೋದದ್ದೇ ತಡ, ಅದರ ಬೆನ್ನಿಗೇ ಬಿದ್ದರು. ಅದು ಹೋಗುವುದು ಆಸ್ಪತ್ರೆಗೇ ತಾನೆ, ನಮಗೂ ದಾರಿಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಎರಡನೆಯ ಗೇರಿನಲ್ಲೇ ಇಂಜಿನ್ನು ಅರಚಿಕೊಳ್ಳುತ್ತಿತ್ತು. ಆ ಸ್ಥಿತಿಯಲ್ಲೂ ಆಕೆ ಕಷ್ಟಪಟ್ಟು ಮೂರು, ಮೂರು ಎಂದಳು. ನರ್ಸಮ್ಮ ಜೀವಮಾನದಲ್ಲೇ ಮೊದಲ ಸಲ ಮೂರನೆಯ ಗೇರು ಹಾಕಿದರು.

ಅದೇ ಆಸ್ಪತ್ರೆ. ಅದೇ ಎರಡು ಕಂಬಗಳು. ನರ್ಸಮ್ಮ ಕಾರನ್ನು ಅಡ್ಡಾದಿಡ್ಡಿ ಬಿಟ್ಟು ಕೀಲಿಯನ್ನು ಕಾವಲಿನವನ ಕೈಗೆ ತುರುಕಿ ಆಕೆಯನ್ನು ಒಳಗೆ ನಡೆಸಿಕೊಂಡು ಹೋದರು.

ಇ.ಸಿ.ಜಿ. ತೆಗೆದರು, ರಕ್ತ ತೆಗೆದರು, ಬೆರಳಿಗೆ ಕ್ಲಿಪ್ಪು ಹಾಕಿದರು. ಎರಡು ಗಂಟೆಯ ನಂತರ ಯುವ ಡಾಕ್ಟರೊಬ್ಬರು ಬಂದು ಸ್ಟೂಲು ಎಳೆದುಕೊಂಡು ಕೂತು, ಹೃದಯ ಚೆನ್ನಾಗಿದೆ, ರಕ್ತದಲ್ಲೂ ದೋಷವಿಲ್ಲ, ಇದು ಆತಂಕದಿಂದ ಆಗುವಂಥದ್ದು ಎಂದು ನಿಧಾನವಾಗಿ ವಿವರಿಸಿದರು. ಒಳ್ಳೆಯ ಸುದ್ದಿ. ಆದರೆ ಆಕೆಗೆ ಎಲ್ಲಿಂದಲೋ ಕೋಪ ಬಂತು.

"ಸರಿಯಾಗಿ ನೋಡಿ ಡಾಕ್ಟ್ರೇ. ಅವರಿಗೂ ಮೊದಲು ಏನೂ ಇಲ್ಲ ಅಂತಾನೇ ಹೇಳಿದ್ರು."

ಅವರು ಅಂದರೆ ಯಾರು ಎಂದು ಡಾಕ್ಟರು ಕೇಳಿದರು. ಆಕೆ ಹೇಳಿದಳು. ಹೇಳುವಾಗ ಇದ್ದಾರೆ ಎಂದು ಶುರುಮಾಡಿ ಇದ್ದರು ಎಂದು ಮುಗಿಸಿದಳು. ಅವರು ಕೊನೆಯವರೆಗೂ ಕೇಳಿ, ಬೇಕೆಂದರೆ ಹೊಟ್ಟೆಯ ಸ್ಕ್ಯಾನೂ ಮಾಡಿಸೋಣ, ಅದು ತಪ್ಪಲ್ಲ, ಆದರೆ ಜೊತೆಗೆ ಇವರನ್ನೂ ನೋಡಿ ಎಂದು ಆಪ್ತಸಮಾಲೋಚಕಿಯೊಬ್ಬರ ಕೋಣೆಯ ಸಂಖ್ಯೆ ಬರೆದ ಚೀಟಿ ಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಆಕೆ ಮೊದಲ ಬಾರಿಗೆ ಆ ಒಂಬತ್ತು ನಿಮಿಷದ ಕಥೆಯನ್ನು ಬಾಯಿಬಿಟ್ಟು ಹೇಳಿದಳು. ಅವರು ನಾನು ಬರಲಿ ಅಂತ ಕಾದರೋ, ನಾನು ಹೋಗಲಿ ಅಂತ ಕಾದರೋ ಎಂದು ಕೇಳಿದಳು. ನರ್ಸಮ್ಮನಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ ಎಂದು ಆಕೆಯ ನಂಬಿಕೆ.

"ನನಗೇನು ಗೊತ್ತಮ್ಮ" ಎಂದರು ನರ್ಸಮ್ಮ. "ನಾನು ಹುಟ್ಟೋರನ್ನ ಮಾತ್ರ ನೋಡಿದೋಳು. ಎಷ್ಟೋ ಸಲ ಇಡೀ ದಿನ ಕಾದು, ಒಂದು ಲೋಟ ನೀರು ಕುಡಿದು ಬರೋಣ ಅಂತ ಹೋಗಿರ್ತೀವಿ, ಅಷ್ಟರಲ್ಲಿ ಮಗು ಬಂದಿರುತ್ತೆ. ಮಗು ನಮ್ಮ ಮೇಲೆ ಸಿಟ್ಟಿನಿಂದ ಹಾಗೆ ಮಾಡ್ತು ಅನ್ನೋಕಾಗುತ್ತಾ?"

ಅದು ಸಮಾಧಾನದ ಮಾತೋ ಅಲ್ಲವೋ ಆಕೆಗೆ ತಿಳಿಯಲಿಲ್ಲ. ಆದರೂ ಉಸಿರು ಹೊಟ್ಟೆಯವರೆಗೆ ಇಳಿಯಿತು.

ನರ್ಸಮ್ಮ ನಡುವೆ ಎಲ್ಲೋ ಆಕೆಯ ಮನೆಗೆ ಫೋನು ಮಾಡಿದ್ದರು. ಕಾರನ್ನು ಆಸ್ಪತ್ರೆಯಲ್ಲೇ ಬಿಟ್ಟು ಹತ್ತಿದ ಆಟೋ ಮನೆಯ ಮುಂದೆ ನಿಂತಾಗ ಅತ್ತೆ ಗೇಟಿನ ಹೊರಗೆ ರಸ್ತೆಯಲ್ಲಿದ್ದರು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಗನದ್ದು. ಆಕೆ ಇಳಿದದ್ದನ್ನು ಕಂಡವರೇ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಸೋಫಾದಲ್ಲಿ ಕೂರಿಸಿ, ನೀರು ತರಲು ಹೋಗಿ, ಬರಿಗೈಯಲ್ಲಿ ವಾಪಸು ಬಂದರು. ಎದುರಿಗೆ ಕೂತರು. ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡಿದರು.

"ನಿನಗೊಂದು ಸುಳ್ಳು ಹೇಳಿದೀನಿ ಕಣೆ" ಎಂದರು. "ಅವನು ಉಸಿರು ಬಿಟ್ಟಿದ್ದನ್ನ ನಾನು ನೋಡ್ಲಿಲ್ಲ. ನಿದ್ದೆ ಹೋಗಿದ್ದೆ. ನೀನು ಕೆಳಗೆ ಹೋದೆಯಲ್ಲ, ಈಗ ಬರ್ತಾಳೆ ಅಂತ ಗೋಡೆಗೆ ತಲೆ ಕೊಟ್ಟೆ. ಕಣ್ಣು ಬಿಟ್ಟಾಗ ಆಗಿಹೋಗಿತ್ತು."

"ಮತ್ತೆ ನನ್ನನ್ನ ಕರೆದ ಹಾಗಿತ್ತು ಅಂದ್ರಿ?"

"ಹೆತ್ತೋಳು ಪಕ್ಕದಲ್ಲೇ ಕೂತು ತೂಕಡಿಸ್ತಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ನಿನ್ನ ಮುಖ ನೋಡಿ ಏನು ತೋಚಿತೋ ಅದನ್ನ ಹೇಳಿದೆ. ನಿನಗೆ ಒಳ್ಳೇದಾಗ್ಲಿ ಅಂತ. ಆಮೇಲೆ ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ."

ನಾಲ್ಕು ತಿಂಗಳಿಂದ ಆಕೆ ಕುಕ್ಕರಿನ ಸೀಟಿಯಲ್ಲಿ, ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದಾಗ, ಎಲ್ಲದರಲ್ಲೂ ಆ ಕರೆಯನ್ನು ಕೇಳಿದ್ದಳು. ಈಗ ಆ ಕರೆಯೇ ಇರಲಿಲ್ಲವಂತೆ. ಎದೆಯ ಮುಳ್ಳು ಕಿತ್ತಂತೆ ಹಗುರವಾಯಿತು. ಮರುಕ್ಷಣವೇ ಮುಳ್ಳಿದ್ದ ಜಾಗ ಖಾಲಿ ಎನಿಸಿತು. ಕೊನೆಗೆ ತನ್ನನ್ನು ಕರೆದ ಎಂಬುದಾದರೂ ಇತ್ತಲ್ಲ, ಈಗ ಅದೂ ಇಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು. ಎಂಥ ಮಾತು ಆಡಿಬಿಟ್ಟರು, ಎಷ್ಟು ದಿನ ಸುಟ್ಟಿತು. ಆ ಸಿಟ್ಟು ಗಂಟಲಿಗೆ ಬರುವಷ್ಟರಲ್ಲಿ ಅತ್ತೆಯ ಒಂದು ಕಾಲಲ್ಲಿ ಇನ್ನೂ ಇದ್ದ ದೊಡ್ಡ ಚಪ್ಪಲಿ ಕಂಡಿತು. ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಅತ್ತೆ ಗಾಬರಿಯಿಂದ ಎದ್ದು ಆಕೆಯ ತಲೆ ಸವರಿದರು. ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅಂದು ಮಧ್ಯಾಹ್ನ ಅವರು ಒಂದೇ ಮೇಜಿಗೆ ಕೂತು ತಣ್ಣಗಾದ ಅನ್ನ ಉಂಡರು.

ಮುಂದಿನ ವಾರ ಡಾಕ್ಟರು ಹೇಳಿದ ಕೋಣೆಗೆ ಇಬ್ಬರೂ ಹೋದರು. ಸೊಸೆಗೆ ಜೊತೆಯಾಗಿ ಹೋಗುತ್ತೇನೆ ಎಂದು ಅತ್ತೆ ಹೊರಟಿದ್ದರು. ಅತ್ತೆಯನ್ನು ತೋರಿಸಿಕೊಂಡು ಬರೋಣ ಎಂದು ಸೊಸೆ ಅಂದುಕೊಂಡಿದ್ದಳು. ಸಮಾಲೋಚಕಿ, ತೊಂದರೆ ಯಾರಿಗೆ ಎಂದು ಕೇಳಿದಾಗ ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸಿದರು. ಸಮಾಲೋಚಕಿ ನಗದೆ ಇನ್ನೊಂದು ಕುರ್ಚಿ ತರಿಸಿದರು.

ಅತ್ತೆ ಎರಡು ಸಲ ಬಂದು, ಆ ಹುಡುಗಿ ಸುಮ್ಮನೆ ಕೇಳುತ್ತಾಳೆ, ಏನೂ ಹೇಳುವುದಿಲ್ಲ ಎಂದು ಬಿಟ್ಟುಬಿಟ್ಟರು. ಅದರ ಬದಲು ಮನೆಯಲ್ಲಿ ಮಗನ ವಿಷಯ ಆಡತೊಡಗಿದರು. ಚಿಕ್ಕವನಿದ್ದಾಗ ಓಟದ ಸ್ಪರ್ಧೆಯಲ್ಲಿ ಹಿಂದೆ ತಿರುಗಿ ಓಡಿದ್ದನಂತೆ, ಗುರಿ ಯಾವ ಕಡೆ ಎಂದು ತಿಳಿಯದೆ. ಆಕೆ ಈ ಕಥೆಯನ್ನು ಹಿಂದೆಂದೂ ಕೇಳಿರಲಿಲ್ಲ. ನಿಜವೋ, ಅತ್ತೆ ಈಗ ಕಟ್ಟಿದ್ದೋ ಎಂದು ಅನುಮಾನವೂ ಬಂತು. ಕೇಳಲಿಲ್ಲ.

ಆಕೆ ಮಾತ್ರ ಹೋಗುತ್ತಲೇ ಇದ್ದಳು. ಹೊಟ್ಟೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎಡಬಲ ಇನ್ನೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿತ್ತು. ಎದೆ ಹೊಡೆದುಕೊಳ್ಳುವುದು ನಿಂತುಹೋಗಲಿಲ್ಲ, ಆದರೆ ಬಂದಾಗ ಕಾರನ್ನು ಬದಿಗೆ ನಿಲ್ಲಿಸಿ, ಎರಡು ನಿಮಿಷ ಇರಿ, ನನಗೆ ಹೀಗಾಗುತ್ತದೆ, ಹೋಗುತ್ತದೆ ಎಂದು ಹೊಸದಾಗಿ ಕಲಿಯಲು ಬಂದವರಿಗೆ ಹೇಳುವಷ್ಟು ಧೈರ್ಯ ಬಂತು. ಕೆಲವರು ನೀರಿನ ಬಾಟಲಿ ಕೊಡುತ್ತಿದ್ದರು. ಒಬ್ಬಿಬ್ಬರು ತಮಗೂ ಹೀಗೇ ಆಗುತ್ತದೆ ಎಂದು ಮೆಲ್ಲಗೆ ಹೇಳಿದರು. ಆಕೆ ಅದನ್ನು ಕೇಳಿ, ಸರಿ, ಹೊರಡೋಣ ಎನ್ನುತ್ತಿದ್ದಳು.