ಬೆನ್ನ ಮೇಲಿನ ಕಾರ್ಡು

ಟಪಾಲು ಹೊರುವವನದೇ ಭಾಗ್ಯ ಎನ್ನುವವರ ಬಾಯಿಗಿಷ್ಟು ಮಣ್ಣು ಹಾಕಬೇಕು. ಸರಕಾರದ ಸಂಬಳ, ಖಾಕಿ ಕೋಟು, ಗೆಜ್ಜೆ ಕಟ್ಟಿದ ಈಟಿ, ಸದ್ದು ಕೇಳಿದರೆ ಗಾಡಿಗಳೂ ದಾರಿ ಬಿಡುತ್ತವೆ, ಎಲ್ಲ ನಿಜ. ಆದರೆ ಫ್ರೇಜರ್‌ಪೇಟೆಯಿಂದ ಸುಂಟಿಕೊಪ್ಪಕ್ಕೆ ಚೀಲ ಹೊತ್ತು ಓಡುವ ಈ ಮುತ್ತನನ್ನು ಕೇಳಿ.

ಹೆಂಡತಿ ಚೋಮಿ ಹೆರಿಗೆಗೆಂದು ಶಿರಂಗಾಲದ ಅಣ್ಣನ ಮನೆಗೆ ಹೋಗಿದ್ದಳು. ಹಿಂದಿನ ಇಬ್ಬರು ಮಕ್ಕಳು ಉಳಿದಿರಲಿಲ್ಲ. ಈ ಸಲ ಅವಳೇ ಉಳಿಯುತ್ತಾಳೋ ಇಲ್ಲವೋ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ. ಅವಳ ಅಣ್ಣ ಸಿದ್ದನಿಗೂ ನನಗೂ ಒಂದು ಎತ್ತಿನ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು.

ಆ ದಿನ ಫ್ರೇಜರ್‌ಪೇಟೆಯ ಅಂಚೆ ಕಚೇರಿಗೆ ಹೋದರೆ, ಸಿದ್ದ ಕಿಟಕಿಯಲ್ಲಿ ಒಂದು ಕಾರ್ಡು ಕೊಡುತ್ತಿದ್ದ.

“ಚೋಮಿ ಹೆಂಗವ್ಳೆ ಭಾವ?” ಎಂದೆ.

ಅವನು ತಿರುಗಲಿಲ್ಲ. ಪೋಸ್ಟ್ ಮಾಸ್ತರ್ ತಿಮ್ಮಪ್ಪಯ್ಯನವರಿಗೆ ಹೇಳಿದ: “ಎಲ್ಲ ಕಾರ್ಡಲ್ಲಿ ಬರ್ಸಿದ್ದೀನಿ ಅಂತ ಅವನಿಗೆ ಹೇಳಿ ಸ್ವಾಮಿ.” ಹೋಗಿ ಆಲದ ಮರದಡಿ ಬೆನ್ನು ಹಾಕಿ ಕುಳಿತ.

“ಕೊಡಿ ಅಯ್ಯಾ, ನಂದೇ ಕಾರ್ಡಲ್ವಾ” ಎಂದೆ.

ಅಯ್ಯನವರು ಚೀಲದ ಬಾಯಿ ಕಟ್ಟಿ ಅರಗು ಒತ್ತಿದರು. “ನಿನ್ನೂರು ಸುಂಟಿಕೊಪ್ಪದ ಕಾಗದ ಮಡಿಕೇರಿಗೆ ಹೋಗಿ, ಮುದ್ರೆ ಬಿದ್ದು ವಾಪಸು ಬರಬೇಕು. ಇಲ್ಲೇ ಕೊಟ್ಟರೆ ನಿನ್ನ ಕೆಲಸವೂ ಹೋಯಿತು, ನನ್ನದೂ.”

“ಏನಿದೆ ಅಂತ ಬಾಯಲ್ಲಾದ್ರೂ ಹೇಳಿ.”

“ಇನ್ನೊಬ್ಬರ ಕಾಗದ ನಾನು ಓದೋದಿಲ್ಲ.”

ಇನ್ನೊಬ್ಬರ ಕಾಗದವಂತೆ. ಆ ಇನ್ನೊಬ್ಬ ನಾನೇ, ಎದುರಿಗೇ ನಿಂತಿದ್ದೆ.

ಓಡಿದೆ. ನನ್ನ ಸುದ್ದಿಯನ್ನು ನಾನೇ ಹೊತ್ತು, ನನ್ನ ಮನೆ ಬಾಗಿಲನ್ನೇ ದಾಟಿ, ಸುಂಟಿಕೊಪ್ಪದಾಚೆ ಕಾಯುತ್ತಿದ್ದ, ಮುಂದಿನ ಹಾದಿಗೆ ಟಪಾಲು ಹೊರುವ ಕೆಂಚನ ಹೆಗಲಿಗೆ ಹಾಕಿದೆ. ಅವನು ಮಡಿಕೇರಿಯ ಕಡೆ ಓಡಿದ. ಗೆಜ್ಜೆಯ ಸದ್ದು ಅಡಗುವ ತನಕ ಸಿದ್ದನನ್ನೂ ಸರಕಾರವನ್ನೂ ಬೈದೆ.

ಮರುದಿನ ಕಾರ್ಡು ಇನ್ನೂ ಮಡಿಕೇರಿಯಲ್ಲೇ ಇತ್ತು. ನಾನು ಬೇರೆ ಚೀಲ ಹೊತ್ತು ಫ್ರೇಜರ್‌ಪೇಟೆಗೆ ಬಂದೆ. ಸಿದ್ದ ಆಲದ ಮರದಡಿಯೇ ಇದ್ದ. ಕಣ್ಣು ಕೆಂಪಗಾಗಿತ್ತು.

“ಕೂಡಲೇ ಬಾ, ಮರದಡಿ ಕಾಯ್ತಿರ್ತೀನಿ ಅಂತ ಬರ್ಸಿದ್ನಲ್ಲೋ” ಎಂದ. “ಹಾದೀಲಿ ಓದ್ಕಂಡು ತಿರುಗಿ ಬರ್ತೀಯ ಅಂತ ನಿನ್ನೆಯಿಂದ ಕೂತಿದ್ದೀನಿ. ಟಪಾಲಿನವನಿಗೆ ಅವನ ಕಾರ್ಡು ಮೊದಲು ಸಿಗಲ್ವಾ?”

“ಚೋಮಿ?” ಎಂದೆ.

“ಹೆಣ್ಣು ಮಗು, ಚೆನ್ನಾಗೈತೆ. ಅವಳಿಗೆ ಜ್ವರ ಬಿಟ್ಟಿಲ್ಲ. ನಿನ್ನನ್ನೇ ಕೇಳ್ತಾವ್ಳೆ.”

ಅಷ್ಟರಲ್ಲಿ ಅಯ್ಯನವರು ಸುಂಟಿಕೊಪ್ಪದ ಚೀಲ ಹೊರಗಿಟ್ಟರು. ಶಿರಂಗಾಲ ಒಂದು ದಿಕ್ಕು, ಸುಂಟಿಕೊಪ್ಪ ಇನ್ನೊಂದು. ಚೀಲ ಬಿಟ್ಟು ಹೋದರೆ ಕೆಲಸವಿಲ್ಲ.

ಸಿದ್ದ ನನ್ನ ಕೈಯಿಂದ ಈಟಿ ಕಿತ್ತುಕೊಂಡ. “ನಾನು ಓಡ್ತೀನಿ. ನೀನು ಹೋಗು.”

ಹೊರಗಿನವರು ಚೀಲ ಮುಟ್ಟುವಂತಿಲ್ಲ. ನಾನು ಅಯ್ಯನವರ ಮುಖ ನೋಡಿದೆ. ಅವರು ನಮ್ಮಿಬ್ಬರಿಗೂ ಬೆನ್ನು ಹಾಕಿ, ಗೋಡೆಗೆ ಹೇಳಿದರು: “ಖಾಕಿ ಕೋಟಿಲ್ಲದೆ ಚೀಲ ಹೊರೋ ಹಾಗಿಲ್ಲ.”

ಕೋಟು ಬಿಚ್ಚಿ ಭಾವನಿಗೆ ತೊಡಿಸಿ, ನಾನು ಶಿರಂಗಾಲದ ಕಡೆಗೆ ಓಡಿದೆ.